ಹೊಡೆದು ಒಪ್ಪಿಸಿದ ದೇವರು

ಮಗಳ ಕೆನ್ನೆಗೆ ಬಾರಿಸಿ, ದೇವರಿದ್ದಾನೆಂದು ಅವಳ ಬಾಯಿಂದ ಹೇಳಿಸಿದರೆ ಆ ಮಾತು ಯಾರದ್ದು? ನಮ್ಮ ಹವ್ಯಾಸಿ ತಂಡ ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ ನಾಟಕ ಎತ್ತಿಕೊಂಡಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ. ನಾನು ನಟಿಯಲ್ಲ. ಹಾಸನದಲ್ಲಿ ಹುಟ್ಟಿ, ಕ್ಲೀವ್‌ಲ್ಯಾಂಡ್ ಪಕ್ಕದ ಶೇಕರ್ ಹೈಟ್ಸ್‌ನಲ್ಲಿ ಸಂಸಾರ ಹೂಡಿದವಳು. ತಂಡದ ರಂಗಪರಿಕರ ನೋಡಿಕೊಳ್ಳುತ್ತೇನೆ. ಲೀನಾ ಯಂಗರ್ ಕಿಟಕಿಯಲ್ಲಿಟ್ಟು ಸಾಕುವ ಬಡಕಲು ಗಿಡ, ಗಂಡ ಸತ್ತದ್ದಕ್ಕೆ ಅವಳಿಗೆ ಬರುವ 10,000 ಡಾಲರಿನ ವಿಮೆ ಚೆಕ್ಕು, ಇಸ್ತ್ರಿ ಪೆಟ್ಟಿಗೆ, ಇವೆಲ್ಲ ನನ್ನ ಸುಪರ್ದಿ.

1959ರ ಮಾರ್ಚಿನಲ್ಲಿ ಬ್ರಾಡ್‌ವೇಗೆ ಬಂದ ನಾಟಕ ಅದು. ಷಿಕಾಗೋದ ದಕ್ಷಿಣ ಭಾಗದ ಇಕ್ಕಟ್ಟು ಮನೆಯಲ್ಲಿ ಒಂದು ಕಪ್ಪು ಕುಟುಂಬ. ಮಗ ವಾಲ್ಟರ್ ಲೀಗೆ ಹೆಂಡದಂಗಡಿಯ ಕನಸು, ಮಗಳು ಬನೀತಾಗೆ ಡಾಕ್ಟರಾಗುವ ಆಸೆ. ಮನುಷ್ಯ ಬೆವರು ಸುರಿಸಿ ಸಾಧಿಸಿದ್ದನ್ನೆಲ್ಲ ದೇವರ ಖಾತೆಗೆ ಜಮಾ ಮಾಡುವುದು ಸಾಕಾಗಿದೆ ಎಂದು ಬನೀತಾ ವಾದ ಹೂಡುತ್ತಾಳೆ. ಲೀನಾ ಎದ್ದು ಬಂದು ಹೊಡೆಯುತ್ತಾಳೆ. ಈ ಮನೆಯಲ್ಲಿ ದೇವರಿದ್ದಾನೆಂದು ಅವಳಿಂದಲೇ ಹೇಳಿಸುತ್ತಾಳೆ. ಮಗಳು ಹೇಳುತ್ತಾಳೆ. ತಾಯಿ ಒಳಗೆ ಹೋದದ್ದೇ ತಡ, ಅತ್ತಿಗೆಯ ಮುಂದೆ ಮತ್ತೆ ಹಳೆಯ ವಾದಕ್ಕೇ ಬರುತ್ತಾಳೆ.

ರಂಗದ ಮೇಲೆ ಹೊಡೆತಕ್ಕೊಂದು ಉಪಾಯವಿದೆ. ಲೀನಾಳ ಕೈ ಕೆನ್ನೆಯ ಪಕ್ಕದಲ್ಲೇ ಗಾಳಿಯಲ್ಲಿ ಹಾಯುತ್ತದೆ. ಅದೇ ಕ್ಷಣಕ್ಕೆ ಪ್ರೇಕ್ಷಕರಿಗೆ ಬೆನ್ನು ಕೊಟ್ಟ ಬನೀತಾ ಎದೆಯ ಹತ್ತಿರ ತಾನೇ ಚಪ್ಪಾಳೆ ತಟ್ಟುತ್ತಾಳೆ. ಛಟೀರೆಂಬ ಸದ್ದು ಹೊಡೆಸಿಕೊಂಡವಳದ್ದು. ಆಮೇಲಿನ ಒಪ್ಪಿಗೆಯೂ ಹಾಗೆಯೇ ಅಂತ ತಾಲೀಮು ನೋಡುತ್ತ ನನಗನಿಸಿತು.

ಲೀನಾ ಪಾತ್ರದ ನಟಿ ಇದನ್ನು ಒಪ್ಪಲಿಲ್ಲ. ಆಕೆ ಚರ್ಚಿನಲ್ಲಿ ಹಾಡುವವರು. “ಅದು ವಾದಕ್ಕಿಟ್ಟ ದೇವರಲ್ಲಮ್ಮ,” ಅಂದರು. ಗುಲಾಮಗಿರಿಯಲ್ಲಿ ಮಕ್ಕಳನ್ನು ಮಾರಿದರು, ಹೆಸರು ಕಿತ್ತುಕೊಂಡರು. ಆ ಯಜಮಾನರ ಕೈಗೆ ಸಿಗದೆ ಉಳಿದದ್ದು ದೇವರೊಬ್ಬನೇ. ಮಗಳು ಒಗೆಯಹೊರಟಿದ್ದು ಅಭಿಪ್ರಾಯವನ್ನಲ್ಲ, ಆ ಮನೆಯ ಏಕೈಕ ಪಿತ್ರಾರ್ಜಿತವನ್ನು. ಇದು ಆಕೆಯ ವಾದ.

ನಮ್ಮ ಮನೆಯಲ್ಲೂ ಇಂಥದ್ದು ನಡೆದಿತ್ತು. ವಿಚಾರವಾದಿ ಎಚ್. ನರಸಿಂಹಯ್ಯನವರ ಭಾಷಣ ಕೇಳಿಬಂದ ಅಣ್ಣ ಜನಿವಾರ ತೆಗೆದಿಡುತ್ತೇನೆಂದ. ಈ ಮನೆಯ ಅನ್ನ ತಿನ್ನೋವರೆಗೂ ಸಂಧ್ಯಾವಂದನೆ ತಪ್ಪಕೂಡದು ಅಂದರು ಅಪ್ಪ. ಅಣ್ಣ ಉದ್ಧರಣೆಯ ನೀರು ಚೆಲ್ಲಿ ಕ್ಷಣದಲ್ಲಿ ಮುಗಿಸುತ್ತಿದ್ದ. ಅಪ್ಪ ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಆದರೆ ನಮ್ಮ ದೇವರ ಮನೆಗೆ ಯಾರೂ ಕಲ್ಲೆಸೆದಿರಲಿಲ್ಲ. ಅಪ್ಪ ಕಾಪಾಡಿದ್ದು ಮರ್ಯಾದೆಯನ್ನು. ಲೀನಾಳ ಸಿಟ್ಟನ್ನು ಅದರ ಜೊತೆಗಿಟ್ಟು ತೂಗುವುದು ಅನ್ಯಾಯ.

ಕಲ್ಲೆಸೆತ ಹ್ಯಾನ್ಸ್‌ಬೆರಿಗೆ ಕೇಳಿದ ಕಥೆಯಲ್ಲ. 1937ರಲ್ಲಿ ತಂದೆ ಕಾರ್ಲ್ ಷಿಕಾಗೋದ ಬಿಳಿಯರ ಕೇರಿಯಲ್ಲಿ ಮನೆ ಕೊಂಡರು. ಕಿಟಕಿಯೊಳಗೆ ತೂರಿಬಂದದ್ದು ಪುಟ್ಟ ಲೊರೇನ್‌ಳನ್ನು ಸ್ವಲ್ಪದರಲ್ಲಿ ತಪ್ಪಿತು. ತಾಯಿ ರಾತ್ರಿಯೆಲ್ಲ ಪಿಸ್ತೂಲು ಹಿಡಿದು ಕಾವಲಿದ್ದರು. ಅವರನ್ನು ಹೊರಹಾಕಲು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1940ರಲ್ಲಿ ಅವರ ಪರ ತೀರ್ಪಾಯಿತು. ನಾನಿರುವ ಊರೇನು ಕಡಿಮೆಯಲ್ಲ. ಆಸ್ತಿಯೆಲ್ಲ ಎಲ್ಲರದೂ ಎಂದು ನಂಬಿದ ಶೇಕರ್ ಪಂಥದವರು ಉತ್ತ ನೆಲವಿದು. ಅದೇ ನೆಲದಲ್ಲಿ ಬಡಾವಣೆ ಮಾಡಿದ ವ್ಯಾನ್ ಸ್ವೆರಿಂಜನ್ ಸಹೋದರರು, ಬೇಡದವರನ್ನು ಹೊರಗಿಡಲು, ಮನೆ ಮಾರಲು ತಮ್ಮ ಕಂಪನಿಯ ಒಪ್ಪಿಗೆ ಬೇಕೆಂದು ಕ್ರಯಪತ್ರದಲ್ಲೇ ಷರತ್ತು ಬರೆಸಿದರು. 1956ರಲ್ಲಿ ಲಡ್ಲೋ ಕೇರಿಯ ಕಪ್ಪು ವಕೀಲರೊಬ್ಬರ ಗ್ಯಾರೇಜಿಗೆ ಬಾಂಬಿಟ್ಟರು. ನಾವು ಇಲ್ಲಿ ಸಲೀಸಾಗಿ ಮನೆ ಕೊಂಡೆವಲ್ಲ, ಅದಕ್ಕೆ ದಾರಿ ಮಾಡಿದ, ವಸತಿಯಲ್ಲಿ ತಾರತಮ್ಯ ನಿಷೇಧಿಸಿದ ಕಾನೂನಿಗೆ ಸಹಿ ಬಿದ್ದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರಕ್ಕೆ. ಇಲ್ಲಿನ ಭಾರತೀಯರ ಸಂಘದ ಸಭೆಗಳಲ್ಲಿ ನಮ್ಮವರು ಇದನ್ನು ನೆನೆಯುವುದು ನಾನಂತೂ ಕೇಳಿಲ್ಲ.

ಇಷ್ಟೆಲ್ಲ ಒಪ್ಪಿಯೂ ಲೀನಾ ಹೊಡೆದದ್ದು ತಪ್ಪೆಂದೇ ಹೇಳುತ್ತೇನೆ. ಹಾಗೆ ಹೇಳುವ ಧೈರ್ಯ ಕೊಟ್ಟವಳು ಮೂರನೆಯ ಅಂಕದ ಲೀನಾಳೇ. ಮಗನನ್ನು ನಂಬಿ ಕೊಟ್ಟ 6,500 ಡಾಲರನ್ನು ಗೆಳೆಯನೊಬ್ಬ ಹೊತ್ತು ಪರಾರಿಯಾಗಿದ್ದಾನೆ. ಸುದ್ದಿ ತಿಳಿದಾಗ ಅವಳ ಕೈ ಮಗನ ಮೇಲೂ ಎದ್ದಿತ್ತು. ಈಗ ಅವನು, ತಾಯಿ ಮನೆ ಕೊಂಡಿರುವ ಬಿಳಿಯರ ಕೇರಿಗೆ ಬರಬೇಡಿ ಎಂದು ಹಣ ಚಾಚಿದ ಬಿಳಿಯನ ಮುಂದೆ ಕೈಯೊಡ್ಡಲು ಸಿದ್ಧ. ಇವನು ನನ್ನ ಅಣ್ಣನೇ ಅಲ್ಲ ಎನ್ನುತ್ತಾಳೆ ಬನೀತಾ. ಆಗ ಲೀನಾ ಕೇಳುವುದಿಷ್ಟೇ: ಅವನಿಗಾಗಿ ಇವತ್ತು ಅತ್ತೆಯಾ? ಗೆದ್ದವರನ್ನು ಯಾರಾದರೂ ಪ್ರೀತಿಸುತ್ತಾರೆ, ನೆಲಕಚ್ಚಿದವನನ್ನು ಪ್ರೀತಿಸುವುದೇ ಪ್ರೀತಿ, ಎಂಬುದು ಅವಳ ಮಾತಿನ ತಿರುಳು. ಅದರಲ್ಲಿ ದೇವರ ಹೆಸರಿಲ್ಲ. ಮಗಳು ಏನನ್ನೂ ಪುನರುಚ್ಚರಿಸಬೇಕಾಗಿಲ್ಲ. ಬೆದರಿಸಿ ಮಾತು ಹೇಳಿಸಬಹುದು, ಇನ್ನೊಬ್ಬರಿಗಾಗಿ ಅಳಿಸಲಾಗದು. ಮೊದಲ ಅಂಕದ ದೇವರು ಒಪ್ಪಿಗೆ ಬೇಡುತ್ತಾನೆ. ಈ ಪ್ರೀತಿಗೆ ಯಾರ ಒಪ್ಪಿಗೆಯೂ ಬೇಡ. ನಾಸ್ತಿಕ ಬನೀತಾಗೂ ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅವಳ ಬಳಿ ಇದಕ್ಕೆ ವಾದವೂ ಇಲ್ಲ.

ಕನ್ನಡದ ತಂಡಗಳಲ್ಲಿ ಯಾರಾದರೂ ಇದನ್ನು ಆಡುವುದಾದರೆ ನನ್ನದೊಂದು ಕೋರಿಕೆ. ಲೀನಾಳನ್ನು ಕಣ್ಣೀರು ಸುರಿಸುವ ಭಕ್ತೆ ಅಮ್ಮನಾಗಿ ಮಾಡಬೇಡಿ. ಹೊಡೆತವನ್ನು ಮೆದುವಾಗಿಸಬೇಡಿ, ಅದಕ್ಕೆ ಪ್ರೇಕ್ಷಕರು ಚಪ್ಪಾಳೆ ತಟ್ಟುವಂತೆಯೂ ಮಾಡಬೇಡಿ.