ಕೊರತೆ ಕಲಿಸಿದ ಗುಣ

ನಮ್ಮ ಮನೆಯಲ್ಲಿ ಜನ ಐವರು, ಪರದೆಗಳು ಏಳು. ಗೋಡೆಗೆ ತಗುಲಿಹಾಕಿದ ದೊಡ್ಡ ಟೆಲಿವಿಷನ್ನು ಒಂದು, ಮೇಲಿನ ಕೋಣೆಯಲ್ಲಿ ಇನ್ನೊಂದು, ಉಳಿದವೆಲ್ಲ ಕೈಯಲ್ಲಿ ಹಿಡಿದುಕೊಳ್ಳತಕ್ಕವು. ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲವೂ ಬೆಳಗುತ್ತಿರುತ್ತವೆ. ಆದರೂ ಮನೆಯಲ್ಲಿ ಸದ್ದಿಲ್ಲ. ಒಬ್ಬೊಬ್ಬರ ಕಿವಿಗೂ ಒಂದೊಂದು ಬಿರಡೆ. ಜಗಳವಿಲ್ಲ, ರಂಪವಿಲ್ಲ. ಬ್ಯಾಡರಹಳ್ಳಿಯ ನಮ್ಮ ಬೀದಿಯಲ್ಲಿ ನಾನು ಕಂಡ ಬಹುಪಾಲು ಮನೆಗಳ ಸ್ಥಿತಿ ಇದೇ. ಕಲಹವಿಲ್ಲದಿರುವುದೇ ಸಂಸಾರಸುಖದ ಲಕ್ಷಣವಾದರೆ, ನಮ್ಮಷ್ಟು ಸುಖಿಗಳು ಹಿಂದೆಂದೂ ಇದ್ದಿರಲಾರರು.

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೇರುವ ನನ್ನ ಓರಗೆಯವರು ಇದನ್ನು ಒಪ್ಪುವುದಿಲ್ಲ. "ಆಗ ಮನೆಗೊಂದು ಟಿ.ವಿ.; ಎಲ್ಲರೂ ಹೊಂದಿಕೊಂಡು ಹೋಗುತ್ತಿದ್ದೆವು. ಈಗಿನವರಿಗೆ ಹೊಂದಿಕೆ ಎಂದರೇನೆಂದೇ ಗೊತ್ತಿಲ್ಲ" ಎನ್ನುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಹಿತವಾದ ಮಾತನ್ನು ಮಡಕೆ ಕೊಳ್ಳುವವರಂತೆ ಸ್ವಲ್ಪ ತಟ್ಟಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದೇ ಪೆಟ್ಟಿಗೆಯ ಮುಂದೆ ನಾವು ಹೊಂದಿಕೊಂಡದ್ದು ಗುಣವೆ, ಅಥವಾ ಬೇರೆ ದಾರಿಯಿಲ್ಲದವರ ಪಾಡೆ? ಅನ್ನವಿಲ್ಲದೆ ಹಸಿದವನನ್ನು ಯಾರೂ ಏಕಾದಶಿಯ ವ್ರತ ಹಿಡಿದವನೆಂದು ಹೊಗಳುವುದಿಲ್ಲ.

ಮೊದಲು ಆ ಕಾಲ ಹೇಗಿತ್ತೆಂಬುದನ್ನು ನೆನೆಯಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗ ನಡೆಯಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಸಂಜೆ ಊರೆಲ್ಲ ಅದರ ಮುಂದೆ. ಟೆಲಿವಿಷನ್ನೆಂಬುದು ಚಾವಡಿಯಂತೆ, ಊರಬಾವಿಯಂತೆ ಹತ್ತು ಜನರ ಸ್ವತ್ತು ಎಂಬ ಭಾವನೆ ಆ ಯೋಜನೆಯ ಬೆನ್ನಿಗಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. 1987ರ ಜನವರಿಯಲ್ಲಿ ರಾಮಾಯಣ ಆರಂಭವಾದಾಗ ನಮ್ಮ ಬೀದಿಯಲ್ಲಿ ಪೆಟ್ಟಿಗೆಯಿದ್ದದ್ದು ಎರಡೇ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಆ ಎರಡು ಮನೆಗಳ ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳನ್ನು ನೋಡಿದವರು ಯಾವುದೋ ಸಮಾರಾಧನೆ ಎಂದುಕೊಳ್ಳಬೇಕು. ಬಂದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಹಿಂದಿ ಬಾರದು. ಕಥೆ ಗೊತ್ತಿದ್ದುದರಿಂದ ಅದೇನೂ ಅಡ್ಡಿಯಾಗಲಿಲ್ಲ.

ಬ್ಯಾಡರಹಳ್ಳಿ ಆಗ ಹೆಸರಿಗೆ ತಕ್ಕ ಹಳ್ಳಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ಪಟ್ಟಣ ಮುಗಿಯಿತೆಂದೇ ಲೆಕ್ಕ. ಆಮೇಲೆ ರಾಗಿಹೊಲ, ತೆಂಗಿನ ತೋಟ. ನಮ್ಮ ವಿಳಾಸದಲ್ಲಿ ಊರ ಹೆಸರಿನ ಜೊತೆಗೆ 'ವಿಶ್ವನೀಡಂ ಅಂಚೆ' ಎಂದು ಬರೆಯುವುದುಂಟು. ವಿಶ್ವಕ್ಕೆಲ್ಲ ಗೂಡು ಎಂಬ ದೊಡ್ಡ ಅರ್ಥ ಆ ಹೆಸರಿಗೆ. ಆದರೆ ವಿಶ್ವ ನಮ್ಮ ಗೂಡಿಗೆ ನಿಜವಾಗಿ ಬಂದು ಇಳಿದದ್ದು ಕೇಬಲ್ಲಿನ ತಂತಿ ಹಿಡಿದುಕೊಂಡು. 1991ರಲ್ಲಿ ಕೊಲ್ಲಿ ಯುದ್ಧವನ್ನು ಉಪಗ್ರಹದ ಮೂಲಕ ದೊಡ್ಡ ಹೋಟೆಲುಗಳಲ್ಲಿ ಕುಳಿತು ನೋಡಿದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಸ್ಟಾರ್, ಮರುವರ್ಷ ಜೀ, 1994ರಲ್ಲಿ ಉದಯ. ಉದಯ ಬಂದ ಮೇಲೆಯೇ ನಮ್ಮ ಬೀದಿಯ ಹೆಂಗಸರು ಕೇಬಲ್ಲು ಬೇಕೆಂದು ಪಟ್ಟುಹಿಡಿದದ್ದು.

ತಂದವನು ರೇಡಿಯೋ ರಿಪೇರಿ ಅಂಗಡಿಯ ಒಬ್ಬ ಹುಡುಗ. ತನ್ನ ಮನೆಯ ತಾರಸಿಯ ಮೇಲೆ ಮದುವೆಮನೆಯ ಕೊಪ್ಪರಿಗೆಯಷ್ಟು ದೊಡ್ಡ ಡಿಶ್ ನಿಲ್ಲಿಸಿದ. ಅಲ್ಲಿಂದ ಕಪ್ಪು ತಂತಿಯನ್ನು ತೆಂಗಿನಮರ, ದೀಪದ ಕಂಬ, ಯಾರದೋ ಕೈಪಿಡಿಗೋಡೆ, ಹೀಗೆ ಸಿಕ್ಕಿದ್ದಕ್ಕೆಲ್ಲ ಸುತ್ತಿ ಎಳೆದ. ತಂತಿ ಉದ್ದವಾದಷ್ಟೂ ಚಿತ್ರ ಸೊರಗುತ್ತದೆ. ಆದ್ದರಿಂದ ನಡುನಡುವೆ ಅದಕ್ಕೆ ಬಲ ತುಂಬುವ ಪೆಟ್ಟಿಗೆಯೊಂದನ್ನು ಕೂಡಿಸಿ, ಹತ್ತಿರದ ಮನೆಯಿಂದ ಕರೆಂಟು ಕೊಡಬೇಕು. ಆ ಮನೆಯವರು ಊರಿಗೆ ಹೋಗುವಾಗ ಮೈನ್ ಆರಿಸಿಕೊಂಡು ಹೋದರೋ, ಅಲ್ಲಿಂದಾಚೆಗಿನ ಮನೆಗಳಲ್ಲೆಲ್ಲ ಕರೆಂಟಿದ್ದರೂ ಬರಿಯ ಚುಕ್ಕೆಮಳೆ! ನಾವು ಸಾಲಿನ ಕಡೆಯವರು. ನಮ್ಮ ಸುಖ ಪರರ ಮನೆಯ ಸ್ವಿಚ್ಚಿನಲ್ಲಿದೆ ಎಂಬ ವೇದಾಂತವನ್ನು ಪ್ರತ್ಯಕ್ಷವಾಗಿ ಕಂಡುಕೊಂಡೆವು. ರಾತ್ರಿ ಊಟವಾದ ಮೇಲೆ ಆ ಹುಡುಗ ತನ್ನ ವಿ.ಸಿ.ಪಿ.ಯಲ್ಲಿ ಒಂದು ಸಿನಿಮಾ ಹಾಕುತ್ತಿದ್ದ. ಅವನು ಹಾಕಿದ್ದು ನಾವು ನೋಡಿದ್ದು. ಇಡೀ ಬೀದಿಯ ರಸಿಕತೆಯನ್ನು ಇಪ್ಪತ್ತೆರಡು ವರ್ಷದವನೊಬ್ಬ ಆಳಿದನೆಂದರೆ ಈಗಿನವರು ನಂಬುವುದು ಕಷ್ಟ.

ಈ ವ್ಯವಹಾರಕ್ಕೆ ಕಾನೂನೆಂಬುದು ಬಂದದ್ದು 1995ರಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ದೊಡ್ಡ ಮಾತು, ಒಪ್ಪತಕ್ಕ ಮಾತು. ಆದರೆ ಆಕಾಶ ಎಲ್ಲರದಾದರೂ ರಿಮೋಟು ಯಾರದು ಎಂಬ ವ್ಯಾಜ್ಯ ಯಾವ ನ್ಯಾಯಾಲಯಕ್ಕೂ ಹೋಗಲಿಲ್ಲ. ಅದು ಮನೆಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ನನ್ನ ಓರಗೆಯವರ ಹೊಂದಿಕೆಯ ಮಾತನ್ನು ನಾನು ಅನುಮಾನಿಸುವುದು ಇಲ್ಲಿಯೇ. ಯಾರು ಹೊಂದಿಕೊಂಡರು? ಯಜಮಾನರಿಗೆ ವಾರ್ತೆ ಬೇಕು. ಗಂಡುಮಕ್ಕಳಿಗೆ ಕ್ರಿಕೆಟ್ಟು ಬೇಕು. ಮನೆಯ ಹೆಂಗಸರು ಒಗ್ಗರಣೆಯ ಸದ್ದಿನ ನಡುವೆ ಸಂಭಾಷಣೆಯನ್ನು ಕಿವಿಯಿಂದ ಹಿಡಿದು, ಬಾಗಿಲವಾಡದಲ್ಲಿ ಸೌಟು ಹಿಡಿದು ನಿಂತೇ ಅರ್ಧ ಧಾರಾವಾಹಿ ನೋಡಿದರು. 'ನಾವೆಲ್ಲ ಹೊಂದಿಕೊಂಡೆವು' ಎಂದು ಬೆಂಚಿನ ಮೇಲೆ ಕುಳಿತು ಹೇಳುವವರೆಲ್ಲ ಗಂಡಸರು ಎಂಬುದನ್ನು ಗಮನಿಸಬೇಕು. ಬಿಟ್ಟುಕೊಟ್ಟವರು ಬೇರೆ, ಬಿಟ್ಟುಕೊಟ್ಟದ್ದನ್ನು ನೆನೆದು ಹಿಗ್ಗುವವರು ಬೇರೆ.

ಇಷ್ಟಾದರೂ ಆ ಕಾಲವನ್ನು ಪೂರ್ತಿ ತಳ್ಳಿಹಾಕುವುದಕ್ಕೆ ನನ್ನಿಂದಾಗದು. ಕಾರಣ ನಮ್ಮ ತಾಯಿ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನಗಳ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಆಕೆಗೆ ಆಗ ಅರವತ್ತೆಂಟು. ಕ್ರಿಕೆಟ್ಟು ಬೇಕೆಂದು ಎಂದೂ ಕೇಳಿದವರಲ್ಲ. ಮೊಮ್ಮಕ್ಕಳು ನೋಡುತ್ತಿದ್ದರು, ಕೂರಲು ಇದ್ದದ್ದು ಅದೊಂದೇ ಕೋಣೆ, ಆದ್ದರಿಂದ ಕೂತರು. ವರ್ಷಗಟ್ಟಲೆ ಹೀಗೆ ಕೂತು ಕೂತು ಆಟದ ಒಳಗುಟ್ಟೆಲ್ಲ ಅವರಿಗೆ ತಿಳಿದುಹೋಗಿತ್ತು. ಅಮೀರ್ ಸೊಹೇಲ್ ಚೆಂಡನ್ನು ಬೌಂಡರಿಗೆ ಅಟ್ಟಿ, ಬ್ಯಾಟು ತೋರಿಸಿ ನಮ್ಮ ವೆಂಕಟೇಶ ಪ್ರಸಾದನನ್ನು ಕೆಣಕಿದಾಗ, ಆಕೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಇರಲಿ ಬಿಡು, ಮುಂದಿನ ಬಾಲು ನೋಡು" ಎಂದರು. ಮುಂದಿನ ಬಾಲಿಗೆ ವಿಕೆಟ್ಟು ಹಾರಿತು. ನನ್ನ ಮಗ ಅಜ್ಜಿಯನ್ನು ಎತ್ತಿ ಕುಣಿಸಿದ. ಅದೇ ಹುಡುಗ ಎರಡು ವರ್ಷದ ಮೇಲೆ, ಆಕೆಯ ದೆಸೆಯಿಂದ ದೂರದರ್ಶನದ 'ಮಾಯಾಮೃಗ'ವನ್ನು ಬಿಡದೆ ನೋಡಿ, ಅದರ ಪಾತ್ರಗಳ ಕಷ್ಟಸುಖವನ್ನು ಆಕೆಯೊಡನೆ ಚರ್ಚಿಸುತ್ತಿದ್ದ. ಹದಿನಾರರವನೂ ಎಪ್ಪತ್ತರವಳೂ ಮಾತನಾಡುವುದಕ್ಕೆ ಬೇರೆ ಯಾವ ವಿಷಯವಿತ್ತು?

ಗುಣವೆಂಬುದು ಅಭ್ಯಾಸದಿಂದ ಬರತಕ್ಕದ್ದೆಂದು ಅರಿಸ್ಟಾಟಲ್ ವಾದಿಸಿದ. ಹಾಗಾದರೆ ಬಲವಂತದಿಂದ ಆರಂಭವಾದ ಅಭ್ಯಾಸವೂ ಗುಣವಾಗಿ ಮಾಗಬಹುದು. ಮಕ್ಕಳಿಗೆ ಹಂಚಿ ತಿನ್ನುವುದನ್ನು ನಾವು ಕಲಿಸುವುದು ಗದರಿಸಿಯೇ ಅಲ್ಲವೆ? ಆದರೆ ತಾನಾಗಿ ಆರಿಸಿ ಮಾಡಿದ್ದಲ್ಲದೆ ಗುಣವಲ್ಲ ಎಂಬ ಷರತ್ತನ್ನೂ ಅವನೇ ಹಾಕಿದ್ದಾನೆ. ಪರೀಕ್ಷೆ ಸುಲಭ: ಬಲವಂತವನ್ನು ತೆಗೆದು ನೋಡುವುದು. ಅದನ್ನು ಕಾಲವೇ ತೆಗೆಯಿತು. ಮನೆಗೆ ಎರಡನೆಯ ಟೆಲಿವಿಷನ್ನು ಬಂತು. 2013ರಲ್ಲಿ ಬೆಂಗಳೂರಿನ ಕೇಬಲ್ಲೆಲ್ಲ ಡಿಜಿಟಲ್ ಆಗಿ, ಮನೆಮನೆಗೂ ಸೆಟ್‌ಟಾಪ್ ಪೆಟ್ಟಿಗೆ ಕೂತಿತು. 2016ರಲ್ಲಿ ನೆಟ್‌ಫ್ಲಿಕ್ಸ್ ಈ ದೇಶಕ್ಕೆ ಕಾಲಿಟ್ಟಿತು. ಅದೇ ವರ್ಷ ಜಿಯೋ ಅಂತರಜಾಲವನ್ನು ನೀರಿನಂತೆ ಹರಿಯಬಿಟ್ಟಿತು. ನಮ್ಮ ಹೊಂದಿಕೆ ಎಷ್ಟು ದಿನ ಉಳಿಯಿತು? ಮೊಬೈಲು ಕೈಗೆ ಬಂದ ವಾರದಲ್ಲೇ ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದರು. ಮೊದಲು ಹಿಡಿದವರು ಬೆಂಚಿನ ಮೇಲಿನ ಹಿರಿಯರೇ. ಬಾಡಿಗೆ ಮನೆಯ ಸಾಮಾನಿನಂತೆ ಹೊರಟುಹೋದದ್ದನ್ನು ಸ್ವಂತದ ಗುಣವೆಂದು ಹೇಗೆ ಕರೆಯುವುದು?

ಎಲ್ಲರ ವಿಷಯದಲ್ಲೂ ಹಾಗಾಗಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಎದುರುಸಾಲಿನಲ್ಲಿ ಒಬ್ಬ ಗೃಹಿಣಿಯಿದ್ದಾರೆ. ಕೈಯಲ್ಲಿ ಒಳ್ಳೆಯ ಮೊಬೈಲಿದೆ, ಬೇಕಾದ್ದನ್ನು ಬೇಕಾದಾಗ ನೋಡಬಲ್ಲರು. ಆದರೂ ಸಂಜೆ ಏಳಕ್ಕೆ ಪಕ್ಕದ ಮನೆಗೆ ಹೋಗುತ್ತಾರೆ. ಅಲ್ಲಿಯ ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗಿದೆ. ಧಾರಾವಾಹಿಯಲ್ಲಿ ಮಾತು ನಿಂತು ಬರಿಯ ಸಂಗೀತ ಕೇಳಿಸಿದಾಗಲೆಲ್ಲ ಈಕೆ, "ಈಗ ಅವಳು ಬಾಗಿಲ ಹಿಂದೆ ನಿಂತುಕೊಂಡು ಕೇಳಿಸಿಕೊಳ್ತಾ ಇದಾಳೆ ಕಣಮ್ಮ" ಎಂದು ವಿವರಿಸುತ್ತಾರೆ. ಆ ಧಾರಾವಾಹಿ ಈಕೆಗೆ ಏನೇನೂ ಹಿಡಿಸದು. ನನ್ನ ಹೆಂಡತಿಯೊಡನೆ ಹೇಳಿಕೊಂಡಿದ್ದಾರೆ. ಇದನ್ನು ಗುಣವೆನ್ನುವುದಕ್ಕೆ ನನಗೆ ಸಂಕೋಚವಿಲ್ಲ. ಇಂಥದು ಕಣ್ಣಿಗೆ ಬೀಳಬೇಕಾದರೆ ಆಯ್ಕೆಯ ಈ ಕಾಲವೇ ಬರಬೇಕಾಯಿತೇನೋ! ಎಲ್ಲರೂ ಒಂದೇ ಮನೆಯಲ್ಲಿ ಕಿಕ್ಕಿರಿದಿದ್ದಾಗ ಆಕೆಯೂ ಮಿಕ್ಕವರಂತೆಯೇ ಕಂಡಿರುತ್ತಿದ್ದರು.

ಹಾಗಾದರೆ ಕಳೆದದ್ದು ಏನೂ ಇಲ್ಲವೆ? ಇದೆ, ಅದು ಗುಣವಲ್ಲ, ಒಂದು ಬಗೆಯ ತಿಳಿವಳಿಕೆ. ಒಬ್ಬರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ, ಯಾವ ಸುದ್ದಿಗೆ ಎದ್ದು ಒಳಗೆ ಹೋಗುತ್ತಾರೆ, ಇದೆಲ್ಲ ಆಗ ಕೇಳದೆಯೇ ಗೊತ್ತಾಗುತ್ತಿತ್ತು. ನನ್ನ ಮೊಬೈಲು ನಾನು ನಿನ್ನೆ ನೋಡಿದ್ದನ್ನೇ ಹೋಲುವ ಇನ್ನೊಂದನ್ನು ಇವತ್ತು ಮುಂದಿಡುತ್ತದೆ. ನನ್ನ ರುಚಿಯನ್ನು ನನಗಿಂತ ಚೆನ್ನಾಗಿ ಬಲ್ಲದು. ಅದಕ್ಕೆ ನನ್ನ ವಿಷಯ ಗೊತ್ತು, ನನ್ನ ಮೊಮ್ಮಗಳ ವಿಷಯವೂ ಗೊತ್ತು. ನಾವಿಬ್ಬರು ಮಾತ್ರ ಒಬ್ಬರನ್ನೊಬ್ಬರು ಅರಿಯೆವು. ಎದುರು ಸೋಫಾದಲ್ಲಿ ಕೂತು ಆಕೆ ಫಕ್ಕನೆ ನಗುತ್ತಾಳೆ. ಏತಕ್ಕೆಂದು ನನಗೆ ತಿಳಿಯದು. "ಏನು ನೋಡ್ತಾ ಇದೀಯಮ್ಮ?" ಎಂದು ಕೇಳಿದರೆ ಪೋಲೀಸಿನವರ ವಿಚಾರಣೆಯಂತೆ ಕೇಳಿಸುತ್ತದೆ, "ಏನಿಲ್ಲ ತಾತ" ಎಂದು ಪರದೆಯನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಬಚ್ಚಿಡಬೇಕಾದದ್ದೇನೂ ಅದರಲ್ಲಿರಲಾರದು. ಹಿಂದೆ ಪುಕ್ಕಟೆಯಾಗಿ ಸಿಗುತ್ತಿದ್ದುದನ್ನು ಈಗ ಕೇಳಿ ಪಡೆಯಬೇಕು, ಕೇಳಿದರೆ ಬಿಗುಮಾನ. ಒಬ್ಬರಿಗೆ ಒಳ್ಳೆಯದನ್ನು ಮಾಡಬೇಕಾದರೆ ಅವರು ಎಂಥವರೆಂದು ಮೊದಲು ತಿಳಿದಿರಬೇಕಷ್ಟೆ. ಪ್ರೀತಿಯಿದ್ದರೆ ಸಾಲದು, ಕಾಯಿಲೆ ಗೊತ್ತಿಲ್ಲದ ವೈದ್ಯನ ಕರುಣೆಯಿಂದ ಜ್ವರ ಇಳಿಯುವುದುಂಟೆ?

ಆದ್ದರಿಂದ ಹಳೆಯ ಕೊರತೆ ಮತ್ತೆ ಬರಲಿ ಎಂದು ನಾನು ಹಾರೈಸಲಾರೆ. ಸೌಟು ಹಿಡಿದು ಬಾಗಿಲಲ್ಲಿ ನಿಂತವರನ್ನು ಮತ್ತೆ ನಿಲ್ಲಿಸುವ ಹಕ್ಕು ಯಾರಿಗಿದೆ? ನನ್ನ ಹೆಂಡತಿ ಈಗ ಕಾಲುಚಾಚಿ ಕೂತು ತನಗೆ ಬೇಕಾದ ಹಳೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾಳೆ. ಆಕೆಯ ಪಾಲಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ. ಆದರೆ ಈ ಸ್ವಾತಂತ್ರ್ಯಕ್ಕೆ ಹೊಸದೊಂದು ಕೆಲಸ ಅಂಟಿಕೊಂಡು ಬಂದಿದೆ: ಕೇಳುವ ಕೆಲಸ, ಪಕ್ಕದಲ್ಲಿ ಹೋಗಿ ಕೂರುವ ಕೆಲಸ. ಅದನ್ನು ಮಾಡಿಸುವವರು ಯಾರೂ ಇಲ್ಲ.

ಹೋದ ತಿಂಗಳು ನಮ್ಮ ಮನೆಯ ಇಂಟರ್ನೆಟ್ಟು ಕೆಟ್ಟಾಗ ಅದೇ ಕೇಬಲ್ಲಿನವನು ಬಂದ. ಈಗ ಅವನಿಗೂ ಐವತ್ತು ದಾಟಿದೆ, ತಲೆ ನರೆತಿದೆ. ಹಳೆಯ ಕಂಬಗಳ ಮೇಲೆಯೇ ಹೊಸ ಫೈಬರು ತಂತಿ ಎಳೆದಿದ್ದಾನೆ. ಬೀದಿಯಲ್ಲಿ ಎಷ್ಟೋ ಮನೆಯವರು ಟಿ.ವಿ. ಕೇಬಲ್ಲು ಬಿಡಿಸಿ ಇಂಟರ್ನೆಟ್ಟು ಮಾತ್ರ ಇಟ್ಟುಕೊಂಡಿದ್ದಾರಂತೆ. "ಈಗ ಯಾರ ಮನೇಲಿ ಏನು ನೋಡ್ತಾರೋ ನಮಗೇನು ಗೊತ್ತಾಗುತ್ತೆ ಸಾರ್. ಆಗ ಎಲ್ಲರೂ ಚೀಟಿ ಬರೆದು ಕಳಿಸೋರು, ಈ ಪಿಕ್ಚರ್ ಹಾಕು ಆ ಪಿಕ್ಚರ್ ಹಾಕು ಅಂತ" ಎಂದ. ಏಣಿ ಮಡಿಸಿ ಹೊರಡುವಾಗ ಗೋಡೆಯ ಮೇಲಿದ್ದ ನಮ್ಮ ತಾಯಿಯ ಪಟವನ್ನು ನೋಡಿ, "ಅಮ್ಮನೋರು 'ಕಸ್ತೂರಿ ನಿವಾಸ' ಎಷ್ಟು ಸಲ ಹಾಕಿಸಿದಾರೆ ಗೊತ್ತಾ ಸಾರ್? ಪ್ರತಿ ಸಲಾನೂ ಮಾರನೇ ದಿನ ನನ್ನ ಕರೆದು ಕಾಫಿ ಕೊಡೋರು" ಎಂದು ನಕ್ಕ.