ಮುಚ್ಚಿಹೋಗುವ ಕೆಲಸ

ವಿಜಯಪುರ, ಗದಗ ಸೀಮೆಯ ಎರೆಭೂಮಿಯಲ್ಲಿ ದನದ ಕೊಟ್ಟಿಗೆಗೆ ಕಾಂಕ್ರೀಟಿನ ತಳ ಹಾಕಿಸುವ ಗೃಹಸ್ಥನು ಮೊದಲು ನೆಲದ ಸ್ವಭಾವವನ್ನರಿಯಬೇಕು. ಎರೆಮಣ್ಣು ಮಳೆಗೆ ಉಬ್ಬುವುದು, ಬೇಸಗೆಗೆ ಕುಗ್ಗಿ ಬಿರಿಯುವುದು. ಅದರ ಮೇಲೆಯೇ ಹಾಸಿದ ಕಾಂಕ್ರೀಟಿಗೆ ಸೀಳುವ ಭಯ ತಪ್ಪದು. ಆದುದರಿಂದ ಹುಲ್ಲುಬೇರುಗಳ ಮೇಲ್ಮಣ್ಣನ್ನು ತೆಗೆದು, ಎರೆಯನ್ನು ಸಾಧ್ಯವಾದಷ್ಟು ಆಳಕ್ಕೆ ಅಗೆದು, ಗರಸು ತುಂಬಬೇಕು. ಬೇರು ಉಳಿದರೆ ಕೊಳೆತು ಪೊಳ್ಳಾಗುವುದು. ತುಂಬುವುದೂ ಒಮ್ಮೆಲೇ ಅಲ್ಲ. 6 ಅಂಗುಲದ ಪದರ, ಹದವಾದ ನೀರು, ದಿಮ್ಮಸಿನ ಪೆಟ್ಟು. ಬಳಿಕ ಮತ್ತೊಂದು ಪದರ. ನೀರು ಕಡಿಮೆಯಾದರೆ ಗರಸು ಕೂಡಿಕೊಳ್ಳದು, ಹೆಚ್ಚಾದರೆ ಕೆಸರು.

ಇಲ್ಲಿಯೇ ಒಂದು ಧರ್ಮಸೂಕ್ಷ್ಮವಿದೆ. ಗುಂಡಿಯನ್ನು ಒಮ್ಮೆಲೇ ತುಂಬಿ ಮೇಲಷ್ಟೇ ಕುಟ್ಟಿದರೂ ಹೊರನೋಟ ಒಂದೇ. ಕಾಂಕ್ರೀಟು ಬಿದ್ದಮೇಲೆ ಸಾಕ್ಷಿಯಿಲ್ಲ. ಮೋಸ ಹೊರಬೀಳುವುದು ಒಂದೆರಡು ಮಳೆಗಾಲ ಕಳೆದಮೇಲೆ. ಅಷ್ಟರಲ್ಲಿ ಕೂಲಿಯೂ ಸಂದಿರುತ್ತದೆ. ಆಳನ್ನು ದೂರುವುದು ಸುಲಭ. ಆದರೆ ಮೂರು ದಿನದ ದುಡಿತಕ್ಕೆ ಒಂದು ದಿನದ ಕೂಲಿ ಗೊತ್ತುಮಾಡಿ, ಮುಚ್ಚಿಹೋಗುವುದಕ್ಕೆ ಇಷ್ಟೇಕೆಂದು ಅವಸರಪಡಿಸಿದ ಯಜಮಾನನು ಆ ಪೊಳ್ಳಿನಲ್ಲಿ ಪಾಲುಗಾರನಲ್ಲವೆ? ಕಾಯಕವು ಕಾಣುವವರಿಗಾಗಿ ಎಂದಾದರೆ ಗುಂಡಿಯೊಳಗಿನ ದುಡಿಮೆಗೆ ಹೆಸರೇ ಇಲ್ಲ. ಕೊಟ್ಟಿಗೆಯ ದನಗಳಿಗಂತೂ ಇವರಿಬ್ಬರ ಒಪ್ಪಂದದ ಅರಿವಿಲ್ಲ. ಬಿರುಕಿನಲ್ಲಿ ಗಂಜಲ ನಿಂತಾಗ ಕೆಡುವುದು ಅವುಗಳ ಗೊರಸು.