ಪ್ರತಿನಿಧಿದ್ರವ್ಯವೂ ಮೋಟಾರು ಗಾಡಿಯೂ

ಕದರಮಂಡಲಗಿಯ ಕಾಂತೇಶನನ್ನೂ, ಸಾತೇನಹಳ್ಳಿಯ ಶಾಂತೇಶನನ್ನೂ, ಶಿಕಾರಿಪುರದ ಭ್ರಾಂತೇಶನನ್ನೂ ಒಂದೇ ದಿನದಲ್ಲಿ ದರ್ಶನಮಾಡಬೇಕೆಂಬ ಸಂಕಲ್ಪವು ಈ ಸೀಮೆಯ ಆಸ್ತಿಕರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚಕ್ಕಡಿಯಲ್ಲಿ ಹೋಗುವವರಿಗೆ ಇದು ಸುಲಭಸಾಧ್ಯವಾಗಿರಲಿಲ್ಲ. ಮೋಟಾರು ಬಂದಮೇಲೆ ಮುದುಕರಿಗೂ ಮಕ್ಕಳಿಗೂ ಎಟುಕುವಂತಾಯಿತು. ಆ ಮೋಟಾರಾದರೂ ಎಲ್ಲಿಯದು? ಕದರಮಂಡಲಗಿಯು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಆಡಳಿತಕ್ಕೆ ಸೇರಿದ್ದ ದಿನಗಳಲ್ಲಿ, ಅಮೆರಿಕೆಯ ಗಾಡಿಗಳ ಬಿಡಿಭಾಗಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದವು. ಫೋರ್ಡ್ ಕಂಪನಿಯವರು 1926ರಲ್ಲಿ ಭಾರತದಲ್ಲಿ ನೆಲೆಯೂರಿದರು. ಷೆವರ್ಲೆಯನ್ನು ಮಾಡುವ ಜನರಲ್ ಮೋಟರ್ಸಿನವರು 1928ರಲ್ಲಿ ಮುಂಬಯಿಯಲ್ಲಿಯೇ ಜೋಡಣೆಯ ಕಾರ್ಖಾನೆ ತೆರೆದರು. ಬಸ್ಸಿನ ಚೌಕಟ್ಟೂ ಎಂಜಿನ್ನೂ ಅಮೆರಿಕೆಯವು. ಮೇಲಣ ಮರದ ಮೈ ಇಲ್ಲಿಯ ಬಡಿಗರದು. ಆ ಗಾಡಿಯು ಹುಟ್ಟಿದಂದೇ ಮಿಶ್ರವಸ್ತುವಾಗಿತ್ತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಎರಡನೆಯ ಮಹಾಯುದ್ಧವು ಬಂದು ಪೆಟ್ರೋಲು ದುರ್ಲಭವಾದಾಗ ಈ ಮಿಶ್ರಣವು ಇನ್ನಷ್ಟು ಬೆಳೆಯಿತು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿ, ಅದರಲ್ಲಿ ಇದ್ದಲು ತುಂಬಿ, ಬೆಂಕಿ ಹೊತ್ತಿಸಿ, ಗಾಳಿಯ ಚಕ್ರವನ್ನು ಕೈಯಿಂದ ತಿರುವುವರು. ಗಾಳಿಯು ಸಾಲದ ಕಾರಣ ಇದ್ದಲು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡೆಂಬ ಅನಿಲವು ಹುಟ್ಟುವುದು; ಅದನ್ನು ಸೋಸಿ, ಆರಿಸಿ, ಎಂಜಿನ್ನಿಗೆ ಉಣಿಸುವರು. ಪೆಟ್ರೋಲಿನ ಬಲ ಇದಕ್ಕಿಲ್ಲ. ಏರಿನಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತು. ಆದರೂ ಗಾಡಿ ನಡೆಯಿತು.

ಯುದ್ಧವು ಮುಗಿದಮೇಲೆ ಬೇರೊಂದು ಕೊರತೆ ಬಂದಿತು. ಇಲ್ಲಿಯೇ ತಯಾರಿಸದೆ ಬರಿಯ ಜೋಡಣೆಮಾಡುವವರು ಇರತಕ್ಕದ್ದಲ್ಲವೆಂದು ಸರಕಾರವು ನಿಶ್ಚಯಿಸಲಾಗಿ, ಆ ಎರಡು ಕಂಪನಿಗಳೂ 1954ರ ಸುಮಾರಿಗೆ ಅಂಗಡಿ ಮುಚ್ಚಿದವು. ಉಳಿದ ಗಾಡಿಗಳಿಗೆ ಅಸಲು ಭಾಗಗಳು ಸಿಕ್ಕದೆ ಹೋದವು. ಪೆಟ್ರೋಲಿನ ಜೀಪಿಗೆ ಡೀಸೆಲ್ ಎಂಜಿನ್ನನ್ನು ಕೂಡಿಸುವ ವಿದ್ಯೆಯು ಊರೂರಿನ ಮಿಸ್ತ್ರಿಗಳಿಗೆ ಕರಗತವಾಯಿತು. ಇದೇ ಸ್ಥಿತಿಯು ಒಂದು ದೇಶಕ್ಕೇ ಒದಗಿದುದನ್ನು ಕ್ಯೂಬಾದಲ್ಲಿ ಕಾಣಬಹುದು. ಅಲ್ಲಿ 1959ರಲ್ಲಿ ಕ್ರಾಂತಿಯಾಯಿತು. 1962ರಲ್ಲಿ ಅಮೆರಿಕೆಯು ವ್ಯಾಪಾರವನ್ನು ಸಂಪೂರ್ಣವಾಗಿ ನಿಷೇಧಿಸಿತು. ಅಂದು ಅಲ್ಲಿದ್ದ ಷೆವರ್ಲೆ, ಫೋರ್ಡ್, ಬ್ಯೂಕ್ ಗಾಡಿಗಳ ಒಡಲಿನೊಳಗೆ ರಷ್ಯಾದ ವೋಲ್ಗಾದ ಎಂಜಿನ್ನೂ ಫ್ರಾನ್ಸಿನ ಪ್ಯೂಜೋ ಡೀಸೆಲ್ಲೂ ಸೇರಿಕೊಂಡು, ಇಂದಿಗೂ ಅವು ಜನರನ್ನು ಹೊರುತ್ತಿವೆ.

ಎಂಜಿನ್ನು ಬೇರೆ, ಗೇರು ಬೇರೆ, ಬಣ್ಣ ಬೇರೆಯಾದಮೇಲೆ ಅದು ಅದೇ ಗಾಡಿಯೇ ಎಂಬ ಪ್ರಶ್ನೆಯು ಪಂಡಿತರಿಗೆ ಪ್ರಿಯವಾದುದು. ಮಿಳಿಂದನ ರಥವನ್ನು ಬಿಡಿಬಿಡಿಯಾಗಿ ಬಿಚ್ಚಿ ತೋರಿಸಿದ ನಾಗಸೇನನು ರಥವೆಂಬುದು ಕೇವಲ ವ್ಯವಹಾರದ ಹೆಸರೆಂದನು. ನೈಯಾಯಿಕರಾದರೋ ಅವಯವಗಳಿಂದ ಬೇರೆಯಾದ ಅವಯವಿಯುಂಟೆಂದು ಸಾಧಿಸಿ, ಒಂದು ನೂಲು ಕಳಚಿದರೂ ಹಳೆಯ ವಸ್ತ್ರವು ನಾಶವಾಗಿ ಖಂಡಪಟವೆಂಬ ಹೊಸ ವಸ್ತ್ರವು ಹುಟ್ಟುವುದೆಂದರು. ಅವರ ಮಾತಿನಂತೆ ಕ್ಯೂಬಾದ ಗಾಡಿಯು ಸಾವಿರ ಸಲ ಸತ್ತು ಹುಟ್ಟಿರಬೇಕು. ಕಾಯಿದೆಯು ಇಷ್ಟು ಸೂಕ್ಷ್ಮಕ್ಕೆ ಹೋಗುವುದಿಲ್ಲ. ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯಲ್ಲಿಯೇ ಗಾಡಿಯ ಆತ್ಮವನ್ನು ಕಂಡು ಸಮಾಧಾನಪಟ್ಟಿದೆ. ಈ ಚರ್ಚೆಯು ರಸವತ್ತಾದುದೇ ಸರಿ. ಆದರೆ ಗಾಡಿಯನ್ನೇರಿ ಕುಳಿತವನಿಗೆ ಅದು ‘ಅದೇ’ ಎಂಬುದಕ್ಕಿಂತ, ಅದರಲ್ಲಿ ಏನನ್ನು ಬದಲಿಸಬಹುದು, ಏನನ್ನು ಬದಲಿಸಲಾಗದು ಎಂಬುದೇ ಮುಖ್ಯ.

ಇದಕ್ಕೆ ಉತ್ತರವನ್ನು ತರ್ಕದಲ್ಲಲ್ಲ, ಮೀಮಾಂಸೆಯಲ್ಲಿ ಹುಡುಕಬೇಕು. ಜೈಮಿನಿಯು ತನ್ನ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರವನ್ನೆತ್ತುತ್ತಾನೆ. ವಿಧಿಸಿದ ದ್ರವ್ಯವು ದೊರೆಯದಿದ್ದರೆ ಕರ್ಮವನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ, ಭತ್ತವಿಲ್ಲದಲ್ಲಿ ನೀವಾರವೆಂಬ ಕಾಡುಭತ್ತವು ಸಲ್ಲುತ್ತದೆ. ಆದರೆ ದೇವತೆಗೂ, ಅಗ್ನಿಗೂ, ಮಂತ್ರಕ್ಕೂ, ಕ್ರಿಯೆಗೂ ಪ್ರತಿನಿಧಿಯಿಲ್ಲ. ಇದಲ್ಲದೆ, ಸದೃಶವಾಗಿದ್ದರೂ ನಿಷಿದ್ಧವಾದುದು ಪ್ರತಿನಿಧಿಯಾಗಲಾರದು. ಹೆಸರಿಲ್ಲವೆಂದು ಯಜ್ಞಕ್ಕೆ ಉದ್ದನ್ನು ತರುವಂತಿಲ್ಲ. ಮತ್ತೊಂದು ಮಾತು ಇನ್ನೂ ಸೂಕ್ಷ್ಮವಾದುದು: ತಂದ ಪ್ರತಿನಿಧಿಯೂ ಕೆಟ್ಟುಹೋದರೆ ಪುನಃ ಮುಖ್ಯದ್ರವ್ಯಕ್ಕೆ ಸದೃಶವಾದುದನ್ನೇ ಹುಡುಕಬೇಕಲ್ಲದೆ, ಪ್ರತಿನಿಧಿಗೆ ಸದೃಶವಾದುದನ್ನಲ್ಲ. ಹಾಗಲ್ಲದಿದ್ದರೆ ಸಾದೃಶ್ಯದ ಸಾದೃಶ್ಯವನ್ನು ಹಿಡಿಯುತ್ತ ಹೋಗಿ ಕೊನೆಗೆ ಮೂಲದ ವಾಸನೆಯೂ ಉಳಿಯದು.

ಮಿಸ್ತ್ರಿಯ ಧರ್ಮಕ್ಕೆ ಇದಕ್ಕಿಂತ ಒಳ್ಳೆಯ ಶಾಸ್ತ್ರವು ಬೇಕಿಲ್ಲ. ಎಂಜಿನ್ನು ದ್ರವ್ಯ, ಅದಕ್ಕೆ ಪ್ರತಿನಿಧಿಯುಂಟು. ಜನರನ್ನು ಕ್ಷೇಮವಾಗಿ ಒಯ್ದು, ಬೇಕಾದಲ್ಲಿ ನಿಲ್ಲಿಸುವುದು ಕ್ರಿಯೆ, ಅದಕ್ಕೆ ಪ್ರತಿನಿಧಿಯಿಲ್ಲ. ಕ್ಯೂಬಾದಲ್ಲಿ ಬ್ರೇಕಿನ ದ್ರವವು ದೊರೆಯದೆ ತಲೆ ತೊಳೆಯುವ ಸಾಬೂನುನೀರನ್ನು ತುಂಬಿದರೆಂದು ಅಲ್ಲಿಗೆ ಹೋದ ಪತ್ರಕರ್ತರು ಬರೆದಿದ್ದಾರೆ. ಬ್ರೇಕು ಉಜ್ಜಿ ಬಿಸಿಯಾದಾಗ ನೀರು ಕುದಿದು ಆವಿಯಾಗುವುದು, ಆವಿಯು ಒತ್ತಡಕ್ಕೆ ಕುಗ್ಗುವುದು, ಕಾಲಿನ ಒತ್ತು ಚಕ್ರಕ್ಕೆ ಮುಟ್ಟದು. ಹೆಸರಿನ ಬದಲು ಉದ್ದು ಎಂದರೆ ಇದೇ. ಬಡತನವು ಇದಕ್ಕೆ ಕಾರಣವಾದೀತೇ ಹೊರತು ಸಮರ್ಥನೆಯಾಗಲಾರದು. ಏಕೆಂದರೆ ಬಡತನ ಗಾಡಿಯವನದು, ಪ್ರಾಣವು ಹಿಂದೆ ಕುಳಿತವನದು.

ಇದ್ದಲಿನ ಬಸ್ಸಿನಲ್ಲಿಯೂ ವಿಷವಿದ್ದಿತು. ವಾಸನೆಯಿಲ್ಲದ ಆ ಅನಿಲವು ಮುಚ್ಚಿದ ಜಾಗದಲ್ಲಿ ಕೊಲ್ಲಬಲ್ಲುದು. ಆದರೆ ಪೀಪಾಯಿಯು ಎಲ್ಲರ ಕಣ್ಣೆದುರಿಗೆ ಹೊರಗೆ ತೂಗುತ್ತಿದ್ದಿತು. ಏರಿನಲ್ಲಿ ಇಳಿಯಬೇಕಾದೀತೆಂಬುದನ್ನು ಟಿಕೀಟು ಕೊಳ್ಳುವವನು ಬಲ್ಲವನಾಗಿದ್ದನು. ಈ ಬಗೆಯ ಪ್ರತಿನಿಧಿಯಲ್ಲಿ ಅಸತ್ಯವಿಲ್ಲ. ಎಂಜಿನ್ನು ಬದಲಾದುದನ್ನು ಪುಸ್ತಕದಲ್ಲಿ ಕಾಣಿಸದೆ, ಅಸಲು ಗಾಡಿಯೆಂದು ಹೇಳಿ ಜೀಪನ್ನು ಮಾರುವವನ ಕೆಲಸವು ಹಾಗಲ್ಲ. ಅವನ ಜೋಡಣೆಯು ಎಷ್ಟು ಚೊಕ್ಕಟವಾಗಿದ್ದರೂ, ಚೊಕ್ಕಟವಾದಷ್ಟೂ, ವಂಚನೆಯು ಹೆಚ್ಚು. ಬದಲಾವಣೆಗೆ ಅಧಿಕಾರಿಯ ಅನುಮತಿ ಬೇಕೆಂದು 1988ರ ಮೋಟಾರು ವಾಹನ ಕಾಯಿದೆಯು ವಿಧಿಸಿರುವುದನ್ನು ಬರಿಯ ಕಿರುಕುಳವೆಂದು ತಿಳಿಯುವವರು ಈ ಅಂಶವನ್ನು ಗಮನಿಸಬೇಕು.

ಈಚೆಗೆ ಧನಿಕರು ಹಳೆಯ ಗಾಡಿಗಳನ್ನು ಕೊಂಡು, ಕೂಡಿಸಿದುದನ್ನೆಲ್ಲ ಕಿತ್ತುಹಾಕಿ, ಹೊರದೇಶದಿಂದ ಅಸಲು ಭಾಗಗಳನ್ನು ತರಿಸಿ ಪೂರ್ವಸ್ಥಿತಿಗೆ ತರುತ್ತಾರೆ. ಮುಖ್ಯದ್ರವ್ಯವು ದೊರೆತಲ್ಲಿ ಅದನ್ನು ಬಳಸುವುದು ನ್ಯಾಯವೇ. ಆದರೂ ಕಿತ್ತೆಸೆದ ಆ ತುಂಡುಗಳಲ್ಲಿ, ಲೇತಿನ ಮುಂದೆ ರಾತ್ರಿಯೆಲ್ಲ ನಿಂತು ಒಂದು ಹಲ್ಲುಚಕ್ರವನ್ನು ಕಡೆದವನ ಕೈಗುರುತು ಇರುತ್ತದೆ. ಹಬಾನಾ ನಗರದಲ್ಲಿ ಅಂಥ ಗಾಡಿಯೊಂದನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುವವನಿಗೆ ಪ್ಯೂಜೋ ಎಂಜಿನ್ನು ಕಳಂಕವಾಗಿ ತೋರುವುದಿಲ್ಲ. ಅವನು ನಾಳೆ ಬೆಳಿಗ್ಗೆ ಮೊದಲು ನೋಡಬೇಕಾದುದು ಬ್ರೇಕಿನ ಕೊಳವೆಯನ್ನು.